ಕಪ್ ಎಂದು ಮಾರಿ ತಾಲೀಮು ಆಡಿಸುವವರಿಗೆ: ಬೇಸಿಗೆ ಟೂರ್ನಿಗಳ ಆಯೋಜಕರಿಗೊಂದು ಬಹಿರಂಗ ಪತ್ರ

ಇವರಿಗೆ,
ಯುರೋಪಿನ ದೊಡ್ಡ ಫುಟ್‌ಬಾಲ್ ಕ್ಲಬ್‌ಗಳ ಆಡಳಿತ ಮಂಡಳಿಗಳು ಮತ್ತು ಜುಲೈ-ಆಗಸ್ಟ್‌ನಲ್ಲಿ ಅವುಗಳನ್ನು ಊರೂರು ಸುತ್ತಿಸುವ ಸೌಹಾರ್ದ ಟೂರ್ನಿಗಳ ಆಯೋಜಕರು

ಮಾನ್ಯರೇ,

ಜುಲೈ ಬಂತೆಂದರೆ ನಿಮ್ಮ ಪೋಸ್ಟರ್‌ಗಳು ಶುರು. ಎರಡು ಕ್ಲಬ್‌ಗಳ ಲಾಂಛನ, ನಡುವೆ ಒಂದು ಬೆಳ್ಳಿ ಬಟ್ಟಲು, ಕೆಳಗೆ ಮೂರ್ನಾಲ್ಕು ತಾರೆಗಳ ಮುಖ. ನ್ಯೂಜೆರ್ಸಿ, ಡಲ್ಲಾಸ್ ಕಡೆಯ ಕನ್ನಡದ ಮನೆಗಳಲ್ಲಿ ಮಕ್ಕಳು ಹಟ ಹಿಡಿದರೆ ನಾಲ್ಕು ಟಿಕೆಟ್ ಖರ್ಚಾಗುತ್ತದೆ. ಬೆಂಗಳೂರು, ಮಂಗಳೂರುಗಳಲ್ಲಿ ಅಲಾರಂ ಇಡಬೇಕಾಗುತ್ತದೆ; ನ್ಯೂಯಾರ್ಕ್‌ನ ರಾತ್ರಿ 7:30ರ ಕಿಕ್‌ಆಫ್ ಎಂದರೆ ನಮಗೆ ಬೆಳಗಿನ 5 ಗಂಟೆ. ಎದ್ದು ಕೂತವರಿಗೆ ಕಾಣುವುದು 62ನೇ ನಿಮಿಷದಲ್ಲಿ ಒಟ್ಟಿಗೆ ಎಂಟು ಜನ ಒಳಗೆ, ಎಂಟು ಜನ ಹೊರಗೆ. ಆಮೇಲಿನ ಅರ್ಧ ಗಂಟೆ ಕಾಮೆಂಟರಿಯವರಿಗೂ ಬೆನ್ನಿನ ನಂಬರ್ ಯಾರದೆಂದು ಗೊತ್ತಾಗುವುದಿಲ್ಲ.

ಋತುವಿಗೆ ಮುಂಚಿನ ಪಂದ್ಯ ಎಂದರೆ ತಾಲೀಮು ಎಂಬುದು ನಮಗೂ ಗೊತ್ತು. ರಜೆಯ ಮೈ ಇಳಿಸಿ, ಐದಾರು ವಾರದಲ್ಲಿ 90 ನಿಮಿಷದ ಆಟಕ್ಕೆ ಕಾಲು ಸಿದ್ಧ ಮಾಡಬೇಕು. ಅದಕ್ಕೆ ಎದುರಾಳಿ ಬೇಕು, ಪಂದ್ಯ ಬೇಕು. ಅದರಲ್ಲಿ ತಪ್ಪೇನಿಲ್ಲ. ನಮ್ಮ ತಕರಾರು ಒಂದೇ: ಮಾರುವಾಗ ಕಪ್ ಎನ್ನುತ್ತೀರಿ, ಆಡಿಸುವಾಗ ತಾಲೀಮು ಎನ್ನುತ್ತೀರಿ. ಈ ಎರಡು ಮಾತಿನ ಸಂದಿಯಲ್ಲಿ ಹುಲ್ಲು ಕೆಡುತ್ತದೆ, ಕಾಲು ಉಳುಕುತ್ತದೆ, ಟಿಕೆಟ್ ಕೊಂಡವರ ದುಡ್ಡು ಹೋಗುತ್ತದೆ. ತಾಲೀಮು ಎಂದೇ ಒಪ್ಪಿಕೊಳ್ಳಿ. ತಾಲೀಮಿಗೆ ತಕ್ಕ ನೆಲ, ತಕ್ಕ ಹೊತ್ತು, ತಕ್ಕ ನಿಯಮ, ತಕ್ಕ ಟಿಕೆಟ್ ಕೊಡಿ.

ನೆಲದಿಂದಲೇ ಶುರು ಮಾಡೋಣ, ಏಕೆಂದರೆ ಹೆಚ್ಚು ಕೆಡುವುದು ಅದೇ.

ಅಮೆರಿಕದಲ್ಲಿ ನೀವು ಬಾಡಿಗೆಗೆ ಹಿಡಿಯುವ ದೊಡ್ಡ ಕ್ರೀಡಾಂಗಣಗಳಲ್ಲಿ ಬಹಳಷ್ಟು ಅಮೆರಿಕನ್ ಫುಟ್‌ಬಾಲ್‌ಗೆ ಕಟ್ಟಿದವು, ಅವುಗಳಲ್ಲಿ ಎಷ್ಟೋ ಕಡೆ ನೆಲಕ್ಕಿರುವುದು ಕೃತಕ ಹಾಸು. ಯುರೋಪಿನ ದೊಡ್ಡ ಕ್ಲಬ್‌ಗಳು ಸಾಮಾನ್ಯವಾಗಿ ಅದರ ಮೇಲೆ ಆಡಲು ಒಪ್ಪುವುದಿಲ್ಲ. ಹಾಗಾಗಿ ಪ್ಲಾಸ್ಟಿಕ್ಕಿನ ಮೇಲೆ ನಿಜವಾದ ಹುಲ್ಲನ್ನು ಚಾಪೆಯಂತೆ ಹಾಸುತ್ತೀರಿ. ಹುಲ್ಲಿನ ತೋಟದಲ್ಲಿ ಮಣ್ಣುಸಮೇತ ಕತ್ತರಿಸಿ, ಸುರುಳಿ ಸುತ್ತಿ, ತಂಪು ಲಾರಿಯಲ್ಲಿ ತಂದು, ಜಿಯೋಟೆಕ್ಸ್‌ಟೈಲ್ ಬಟ್ಟೆಯ ಮೇಲೋ ಪ್ಲಾಸ್ಟಿಕ್ ಹಲಗೆಗಳ ಮೇಲೋ ಬಿಡಿಸುತ್ತಾರೆ. ಟಿವಿಯಲ್ಲಿ ಹಸಿರಾಗಿಯೇ ಕಾಣುತ್ತದೆ. ಲೆಕ್ಕ ಹಾಕಿದಾಗಲೇ ಅದರ ಕಷ್ಟ ತಿಳಿಯುವುದು.

ಆಟದ ಅಂಗಳ 105 ಮೀಟರ್ ಉದ್ದ, 68 ಮೀಟರ್ ಅಗಲ. ಸುತ್ತ ಮೂರು ಮೀಟರ್ ಅಂಚು ಬಿಟ್ಟರೂ 111ಕ್ಕೆ 74, ಅಂದರೆ 8,200 ಚದರ ಮೀಟರ್ ಚಿಲ್ಲರೆ. ಹುಲ್ಲು ತನ್ನ ಭಾರಕ್ಕೆ ತಾನೇ ಕೂರಬೇಕಾದರೆ ಚಾಪೆ ಕನಿಷ್ಠ 4 ಸೆಂ.ಮೀ. ದಪ್ಪ ಇರಬೇಕು. ಅಷ್ಟು ಮಣ್ಣು 328 ಘನ ಮೀಟರ್ ಆಯಿತು. ಒದ್ದೆ ಮರಳು ಮಣ್ಣು ಘನ ಮೀಟರ್‌ಗೆ ಸುಮಾರು 1.6 ಟನ್ ತೂಗುತ್ತದೆ ಎಂದರೆ 520 ಟನ್ ದಾಟಿತು. ದೊಡ್ಡ ಲಾರಿಗಳಲ್ಲಿ 24 ಲೋಡು. ಒಂದು ಸುರುಳಿ 1.07 ಮೀಟರ್ ಅಗಲ, 10 ಮೀಟರ್ ಉದ್ದ ಎಂದುಕೊಂಡರೆ 770ರಷ್ಟು ಸುರುಳಿ ಬೇಕು. ಈಗ ಕೂಡುಗೆರೆಗಳನ್ನು ಎಣಿಸಿ. ಒಂದು ಉದ್ದ, ಒಂದು ಅಗಲ ಸೇರಿ ಪ್ರತಿ ಸುರುಳಿಯ ಪಾಲಿಗೆ 11 ಮೀಟರ್ ಗೆರೆ ಬರುತ್ತದೆ. ಎಲ್ಲ ಸೇರಿದರೆ ಎಂಟೂವರೆ ಕಿಲೋಮೀಟರ್. ಒಂದೇ ಅಂಗಳದೊಳಗೆ, ಬೂಟಿನ ಮೊಳೆ ಸಿಕ್ಕಿಕೊಳ್ಳಬಹುದಾದ ಎಂಟೂವರೆ ಕಿಲೋಮೀಟರ್ ಬಿರುಕು!

ತಮ್ಮ ಊರಿನಲ್ಲಿ ಈ ಆಟಗಾರರು ಓಡುವುದು ಇಂಥದ್ದರ ಮೇಲಲ್ಲ. ಅಲ್ಲಿ ರೈ ಹುಲ್ಲಿನ ಬೇರಿಗೆ ಜೊತೆಯಾಗಿ ಪ್ಲಾಸ್ಟಿಕ್ ಎಳೆಗಳನ್ನು ಒಂದು ಗೇಣು ಆಳಕ್ಕೆ ಯಂತ್ರದಿಂದ ಹೊಲಿದಿರುತ್ತಾರೆ. ಕಾಲು ತಿರುಚಿದರೆ ಹುಲ್ಲು ಹರಿಯಬಹುದೇ ಹೊರತು ನೆಲ ಜಾರುವುದಿಲ್ಲ. ಹಾಸಿದ ಚಾಪೆಗೆ ಕೆಳಗೆ ಬೇರು ಬಿಡಲು ಮಣ್ಣೇ ಇಲ್ಲ. ಮರಳಿನ ಮೇಲೆ ಹಾಸಿದ್ದರೂ ಬೇರು ಹಿಡಿಯಲು ಮೂರು ವಾರವಾದರೂ ಬೇಕು. ಪ್ಲಾಸ್ಟಿಕ್ಕಿನ ಮೇಲೆ ಮೂರು ತಿಂಗಳಿಟ್ಟರೂ ಹಿಡಿಯದು. ಬಿಸಿ ಸೀಮೆಯಲ್ಲಿ ನೀವು ಹಾಸುವ ಬರ್ಮುಡಾ ಹುಲ್ಲು ನಾವು ಗಣಪತಿಗೆ ಏರಿಸುವ ಗರಿಕೆಯ ವಂಶದ್ದೇ. ಗರಿಕೆಗೆ ಬೇರು ಕೊಟ್ಟು ನೋಡಿ, ಕಿತ್ತರೂ ಬರುವುದಿಲ್ಲ. ಬೇರು ಕತ್ತರಿಸಿ ತಂದ ಗರಿಕೆ ಪೂಜೆಗೆ ಸಾಕು, ಪಂದ್ಯಕ್ಕೆ ಸಾಲದು.

ಬೇರೆ ದಾರಿಯಿಲ್ಲದೆ ಹಾಸಲೇಬೇಕಾದರೆ ಹಾಸುವ ಕೆಲಸಕ್ಕೂ ಒಂದು ಕ್ರಮವಿದೆ. ಗೋಡೆಗೆ ಇಟ್ಟಿಗೆ ಕೂರಿಸುವ ಹಾಗೆ ಸುರುಳಿಗಳ ತುದಿ ಒಂದರ ಪಕ್ಕ ಒಂದು ಬಾರದಂತೆ ಹಿಂದೆ ಮುಂದೆ ಇಡಬೇಕು. ಪೆನಾಲ್ಟಿ ಚುಕ್ಕಿ, ಅಂದರೆ ಗೋಲಿನಿಂದ 11 ಮೀಟರ್ ದೂರದ ಆ ಜಾಗ, ಒಂದು ಸುರುಳಿಯ ನಟ್ಟನಡುವೆ ಬರುವಂತೆ ಮೊದಲೇ ಅಳೆದುಕೊಂಡು ಅಲ್ಲಿಂದ ಹಾಸುತ್ತಾ ಹೋಗಬೇಕು. ಮೂಲೆಯಿಂದ ಶುರು ಮಾಡಿದರೆ ಗೆರೆ ಎಲ್ಲಿ ಬಂದೀತೋ ಅಲ್ಲಿ ಬಂತು. ಗೋಲಿನ ಬಾಯಿಗೆ ಹೊಸದಾಗಿ ಕತ್ತರಿಸಿದ, ಅತಿ ದಪ್ಪದ ಸುರುಳಿ. ಕೂಡುಗೆರೆಗಳಿಗೆ ಒಣ ಮರಳು ತುಂಬಿ ಪೊರಕೆಯಲ್ಲಿ ಎಳೆಯಬೇಕು, ರೋಲರ್ ಓಡಿಸಬೇಕು, ಮತ್ತೆ ಮರಳು ಹಾಕಬೇಕು. ಪಂದ್ಯಕ್ಕೆ ಕನಿಷ್ಠ ಐದು ದಿನ ಮೊದಲು ಹಾಸಿರಬೇಕು. ನಡುವೆ ಸಂಗೀತ ಕಾರ್ಯಕ್ರಮ ಇದ್ದರೆ ಆ ಕ್ರೀಡಾಂಗಣವನ್ನೇ ಬಿಡಿ.

ಸಾಮಾನ್ಯವಾಗಿ ಯಾರೂ ಗಮನಿಸದ ಎರಡು ಜಾಗಗಳಿವೆ. ಒಂದು, ಹುಲ್ಲು ಮುಗಿದು ಕೃತಕ ಹಾಸು ಶುರುವಾಗುವ ಅಂಚು. ಅಲ್ಲಿ 4ರಿಂದ 6 ಸೆಂ.ಮೀ. ಮೆಟ್ಟಿಲು ಬರುತ್ತದೆ. ಗೆರೆಯಾಚೆ ಹೋಗುವ ಚೆಂಡನ್ನು ಹಿಡಿಯಲು ಪೂರ್ತಿ ವೇಗದಲ್ಲಿ ಓಡುವ, ಅಂಗಳದ ಬದಿಯಲ್ಲಿ ಆಡುವ ವಿಂಗರ್‌ನ ಕಾಲು ಇಳಿಯುವುದು ಸರಿಯಾಗಿ ಅಲ್ಲೇ. ಆ ಅಂಚನ್ನು ಒಂದು ಮೀಟರ್ ಉದ್ದಕ್ಕೆ ಇಳಿಜಾರು ಮಾಡಿ. ಇನ್ನೊಂದು, ನೀರು. ಚೆಂಡು ಬೇಗ ಉರುಳಲಿ ಎಂದು ಕೋಚ್‌ಗಳು ಆಟಕ್ಕೆ ಅರ್ಧ ಗಂಟೆ ಮುಂಚೆ ನೀರು ಹಾಕಿಸುತ್ತಾರೆ; ಮನೆಯಂಗಳದಲ್ಲಿ ಅದು ಸರಿ, ಕೆಳಗೆ ಬಸಿಯುವ ಮರಳಿದೆ. ಇಲ್ಲಿ ಅದೇ ನೀರು ಕೂಡುಗೆರೆಯಲ್ಲಿ ಇಳಿದು ಚಾಪೆಯ ಅಡಿಯಲ್ಲಿ ನಿಂತು, ಇಡೀ ಸುರುಳಿ ಸೋಪಿನ ಮೇಲಿಟ್ಟ ಮಣೆಯಾಗುತ್ತದೆ. ಹಾಸಿದ ಹುಲ್ಲಿಗೆ ಪಂದ್ಯದ ಹಿಂದಿನ ರಾತ್ರಿ ಮತ್ತು ಬೆಳಗ್ಗೆ ನೀರು ಸಾಕು. ಲೋಹದ ಉದ್ದ ಮೊಳೆಯ ಬೂಟನ್ನು ಆ ದಿನಕ್ಕೆ ಬೇಡವೆನ್ನಿ.

ಪರೀಕ್ಷೆ ಕಷ್ಟವಲ್ಲ. ಕ್ಲೆಗ್ ಹ್ಯಾಮರ್ ಎಂಬ ಉಪಕರಣದ 2.25 ಕೆ.ಜಿ. ಗುಂಡನ್ನು ಕೊಳವೆಯೊಳಗೆ 45 ಸೆಂ.ಮೀ. ಎತ್ತರದಿಂದ ಬೀಳಿಸಿದರೆ ನೆಲದ ಗಡಸುತನಕ್ಕೆ ಒಂದು ಸಂಖ್ಯೆ ಬರುತ್ತದೆ; ಅದು 100 ದಾಟಿದರೆ ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಎನ್‌ಎಫ್‌ಎಲ್ ಕೂಡ ಒಪ್ಪುವುದಿಲ್ಲ. ಯಂತ್ರವಿಲ್ಲವೇ? ಚೆಂಡನ್ನು 2 ಮೀಟರ್ ಎತ್ತರದಿಂದ ಬಿಡಿ. ಕೃತಕ ಮೈದಾನಗಳ ಮೇಲ್ದರ್ಜೆಗೆ ಫಿಫಾ ಇಟ್ಟಿರುವ ಅಳತೆ 60ರಿಂದ 85 ಸೆಂ.ಮೀ. ಪುಟಿತ. ನಿಮ್ಮ ಹುಲ್ಲಿನ ಮೇಲೆ ಅದು 40ಕ್ಕೆ ನಿಂತರೆ ಅಡಿಯಲ್ಲಿ ಕೆಸರಿದೆ ಎಂದರ್ಥ. ಎಲ್ಲಕ್ಕಿಂತ ಸುಲಭದ್ದು: ಕೂಡುಗೆರೆಯ ಮೇಲೆ ಹಿಮ್ಮಡಿಯೂರಿ ಮೈಭಾರ ಹಾಕಿ ತಿರುಗಿ. ಚಾಪೆಯ ತುದಿ ಎದ್ದರೆ ಆ ಜಾಗಕ್ಕೆ ಬಾವುಟ ನೆಟ್ಟು ಮುಂದೆ ಹೋಗಿ. ಹತ್ತು ಬಾವುಟಕ್ಕಿಂತ ಹೆಚ್ಚಾದರೆ ಪಂದ್ಯ ಬೇಡ.

ಹುಲ್ಲು ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ 2016ರ ಜುಲೈ 25 ಸಾಕ್ಷಿ. ಇಂಟರ್‌ನ್ಯಾಷನಲ್ ಚಾಂಪಿಯನ್ಸ್ ಕಪ್ ಎಂಬ ಬೇಸಿಗೆ ಸೌಹಾರ್ದ ಟೂರ್ನಿಯ ಚೀನಾ ಸುತ್ತಿನಲ್ಲಿ ಮ್ಯಾಂಚೆಸ್ಟರ್‌ನ ಎರಡೂ ತಂಡಗಳು ಬೀಜಿಂಗ್‌ನ ಹಕ್ಕಿಗೂಡು ಕ್ರೀಡಾಂಗಣದಲ್ಲಿ ಎದುರಾಗಬೇಕಿತ್ತು. ಜೋರು ಮಳೆ, ಮೊದಲೇ ಹಾಳಾಗಿದ್ದ ಅಂಗಳ. ಪಂದ್ಯದ ದಿನವೇ ರದ್ದಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ನಿಮಗೆ ಗೊತ್ತಿರಲಾರದು. ಬಟ್ಟಲು ಇತ್ತು, ಪಟಾಕಿ ಇತ್ತು, ಹುಲ್ಲಿರಲಿಲ್ಲ.

ಗಾಯಗಳಿಗೆಲ್ಲ ಹುಲ್ಲೇ ಕಾರಣ ಎಂದು ನಾವು ಹೇಳುವುದಿಲ್ಲ, ಹಾಗೆ ಹೇಳುವವರನ್ನು ನಂಬುವುದೂ ಇಲ್ಲ. 2019ರ ಜುಲೈ 23ರಂದು ವಾಷಿಂಗ್ಟನ್ ಹತ್ತಿರದ ಲ್ಯಾಂಡೋವರ್‌ನಲ್ಲಿ ಆರ್ಸೆನಲ್ ಎದುರು ರಿಯಲ್ ಮ್ಯಾಡ್ರಿಡ್‌ನ ಮಾರ್ಕೊ ಅಸೆನ್ಸಿಯೊ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡರಲ್ಲ, ಅಲ್ಲಿದ್ದದ್ದು ಬೇರೂರಿದ ಹುಲ್ಲೇ. 2024ರ ಜುಲೈ 27ರಂದು ಲಾಸ್ ಏಂಜಲೀಸ್‌ನ ಸೋಫಿ ಕ್ರೀಡಾಂಗಣದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಒಂದೇ ಪಂದ್ಯದಲ್ಲಿ ಇಬ್ಬರನ್ನು ಕಳೆದುಕೊಂಡಿತು: ಆಗಷ್ಟೇ ಕೊಂಡು ತಂದಿದ್ದ ಲೆನಿ ಯೊರೊಗೆ ಪಾದದ ಮೂಳೆ ಮುರಿತ, ರಾಸ್ಮಸ್ ಹೊಯ್‌ಲುಂಡ್‌ಗೆ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯುವಿನ ಗಾಯ. ನೆಲ, ದಣಿವು, ಪ್ರಯಾಣ, ಅದೃಷ್ಟ ಎಲ್ಲ ಸೇರಿ ಗಾಯವಾಗುತ್ತದೆ. ಇವುಗಳಲ್ಲಿ ಅದೃಷ್ಟವೊಂದನ್ನು ಬಿಟ್ಟರೆ ಉಳಿದ ಮೂರೂ ನಿಮ್ಮ ಕೈಯಲ್ಲಿವೆ.

ಅಗಲದ ಮಾತು ಚಿಕ್ಕದು, ಆದರೂ ಹೇಳಬೇಕು. ಅಮೆರಿಕನ್ ಫುಟ್‌ಬಾಲ್ ಅಂಗಳದ ಅಗಲ 48.8 ಮೀಟರ್. ನಮ್ಮ ಆಟಕ್ಕೆ 68 ಬೇಕು. ಪ್ರತಿ ಬದಿಗೆ ಒಂಬತ್ತೂವರೆ ಮೀಟರ್ ಹೆಚ್ಚು ಜಾಗ ಹುಡುಕಬೇಕು. ನಡುವೆ ಸಿಗುತ್ತದೆ, ಮೂಲೆಗಳಲ್ಲಿ ಗ್ಯಾಲರಿ ಅಡ್ಡ ಬರುತ್ತದೆ. ನ್ಯೂಜೆರ್ಸಿಯ ಮೆಟ್‌ಲೈಫ್‌ನಲ್ಲಿ 2026ರ ವಿಶ್ವಕಪ್‌ಗಾಗಿ ಮೂಲೆಯ ಕುರ್ಚಿಗಳನ್ನೇ ಕಿತ್ತು ಜಾಗ ಮಾಡಬೇಕಾಯಿತು. ಸೌಹಾರ್ದ ಪಂದ್ಯಕ್ಕೆ ಯಾರೂ ಕುರ್ಚಿ ಕೀಳುವುದಿಲ್ಲ, ಗೆರೆಯನ್ನೇ ಒಳಗೆ ಎಳೆಯುತ್ತಾರೆ. ಎಳೆಯಿರಿ, ನಿಯಮ ಬಿಡುತ್ತದೆ. ಎಷ್ಟು ಎಳೆದಿರಿ ಎಂದು ಕೋಚ್‌ಗಳಿಗೆ ಒಂದು ವಾರ ಮೊದಲೇ ತಿಳಿಸಿ. ಮೂರು ಮೀಟರ್ ಕಿರಿದಾದ ಅಂಗಳದಲ್ಲಿ ವಿಂಗ್‌ನಿಂದ ಆಡುವ ತಂಡದ ತಾಲೀಮು ಅರ್ಧಕ್ಕರ್ಧ ವ್ಯರ್ಥ.

ಇನ್ನು ಸೆಕೆ. ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ: 33 ಡಿಗ್ರಿ ರಾಯಚೂರಿನಲ್ಲಿ ಒಂದು ಥರ, ಮಂಗಳೂರಿನಲ್ಲಿ ಇನ್ನೊಂದು ಥರ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮಯಾಮಿ, ಹ್ಯೂಸ್ಟನ್, ಒರ್ಲಾಂಡೊ ಎಲ್ಲ ಮಂಗಳೂರಿನ ಜಾತಿ. ಅದಕ್ಕೇ ಬರೀ ತಾಪಮಾನ ನೋಡಬೇಡಿ, ವೆಟ್ ಬಲ್ಬ್ ಗ್ಲೋಬ್ ಸೂಚ್ಯಂಕ ನೋಡಿ. ಲೆಕ್ಕ ಸುಲಭ. ಒದ್ದೆ ಬತ್ತಿಯ ಥರ್ಮಾಮೀಟರ್ ತೋರಿಸಿದ್ದಕ್ಕೆ 0.7, ಬಿಸಿಲಿಗಿಟ್ಟ ಕಪ್ಪು ಗೋಳದ ಒಳಗಿನ ತಾಪಕ್ಕೆ 0.2, ನೆರಳಿನ ಗಾಳಿಯ ತಾಪಕ್ಕೆ 0.1 ಗುಣಿಸಿ ಕೂಡಬೇಕು. ಸಂಜೆ 4ಕ್ಕೆ ಒದ್ದೆ ಬತ್ತಿ 26, ಗೋಳ 45, ಗಾಳಿ 33 ಎಂದುಕೊಳ್ಳಿ: 18.2, 9, 3.3, ಒಟ್ಟು 30.5. ಅದೇ ಜಾಗದಲ್ಲಿ ಸೂರ್ಯ ಮುಳುಗಿದ ಮೇಲೆ 25, 30, 30 ಆದರೆ 17.5, 6, 3, ಒಟ್ಟು 26.5. ಗಾಳಿಯ ತಾಪ ಇಳಿದದ್ದು ಮೂರೇ ಡಿಗ್ರಿ, ಸೂಚ್ಯಂಕ ನಾಲ್ಕು ಇಳಿಯಿತು, ಏಕೆಂದರೆ ಬಿಸಿಲಿನ ಗೋಳ ಹೋಯಿತು.

ನೀರಿನ ವಿರಾಮಕ್ಕೆ ಫಿಫಾ ಬಹುಕಾಲ ಇಟ್ಟುಕೊಂಡಿದ್ದ ಗಡಿ 32. ಆಟಗಾರರ ಸಂಘ ಫಿಫ್‌ಪ್ರೊ ಹೇಳುವುದು ಅದಕ್ಕಿಂತ ಕಡಿಮೆಗೇ ವಿರಾಮ ಬೇಕು, ಸೂಚ್ಯಂಕ ಇನ್ನೂ ಏರಿದರೆ ಆಡಿಸಲೇಬಾರದು ಎಂದು. ಲೀಗ್ ಪಂದ್ಯಕ್ಕೆ ಯಾವುದು ಸರಿ ಎಂಬ ವಾದ ಇರಲಿ. ರಜೆಯಿಂದ ಬಂದು ಮೂರನೇ ವಾರದಲ್ಲಿರುವ, ಸೆಕೆಗೆ ಮೈ ಒಗ್ಗದ ಆಟಗಾರನಿಗೆ ಫಿಫ್‌ಪ್ರೊ ಗಡಿಯೇ ಸರಿ. ಸೌಹಾರ್ದ ಪಂದ್ಯದಲ್ಲಿ ಅದನ್ನು ಪಾಲಿಸಿದರೆ ನಿಮ್ಮ ಗಂಟೇನೂ ಹೋಗುವುದಿಲ್ಲ. ಅಮೆರಿಕದ ಬೇಸಿಗೆಯಲ್ಲಿ ಗುಡುಗು ಇನ್ನೊಂದು ತಲೆನೋವು. ಸುಮಾರು 13 ಕಿ.ಮೀ. ಒಳಗೆ ಮಿಂಚು ಬಿದ್ದರೆ ಆಟ ನಿಲ್ಲಬೇಕು, ಕೊನೆಯ ಮಿಂಚಿನ ನಂತರ 30 ನಿಮಿಷ ಕಾಯಬೇಕು; ನಡುವೆ ಮತ್ತೊಂದು ಬಿದ್ದರೆ ಎಣಿಕೆ ಮೊದಲಿನಿಂದ. 2025ರ ಜೂನ್ 28ರಂದು ಶಾರ್ಲಟ್‌ನಲ್ಲಿ ಕ್ಲಬ್ ವಿಶ್ವಕಪ್‌ನ ಚೆಲ್ಸಿ-ಬೆನ್ಫಿಕಾ ಪಂದ್ಯ ಮುಗಿಯಲು ಕೆಲವೇ ನಿಮಿಷವಿರುವಾಗ ನಿಂತು, ಎರಡು ಗಂಟೆಯ ಹತ್ತಿರ ಕಾಯಿಸಿತು. ಅದು ನಾಕೌಟ್, ಕಾಯಲೇಬೇಕಿತ್ತು. ಸೌಹಾರ್ದ ಪಂದ್ಯಕ್ಕೆ ಮೊದಲೇ ಬರೆದಿಡಿ: ಒಂದು ಗಂಟೆಗಿಂತ ಹೆಚ್ಚು ನಿಂತರೆ ಅಲ್ಲಿಗೆ ಮುಗಿಯಿತು. ತಣ್ಣಗಾದ ಸ್ನಾಯುವನ್ನು ಕಾಲು ಗಂಟೆಯ ಆಟಕ್ಕಾಗಿ ಮತ್ತೆ ಬಿಸಿ ಮಾಡಿ ಓಡಿಸುವುದರಿಂದ ಯಾವ ಕೋಚ್‌ಗೂ ಉಪಯೋಗವಿಲ್ಲ.

ಪ್ರಯಾಣದ ಬಗ್ಗೆ ನಾವು ಹೇಳಬೇಕಾದ್ದೇನಿದೆ, ವಿಮಾನದ ಬಿಲ್ಲು ಕಟ್ಟುವವರು ನೀವೇ. ಲಂಡನ್‌ಗೂ ನ್ಯೂಯಾರ್ಕ್‌ಗೂ 5 ಗಂಟೆ ವ್ಯತ್ಯಾಸ, ಲಾಸ್ ಏಂಜಲೀಸ್‌ಗೆ 8. ಗಂಟೆಗೊಂದು ದಿನದಂತೆ ಮೈ ಹೊಂದಿಕೊಳ್ಳುತ್ತದೆ ಎಂಬುದು ಹಳೆಯ ಲೆಕ್ಕ, ಪೂರ್ವಕ್ಕೆ ಮರಳುವಾಗ ಇನ್ನೂ ನಿಧಾನ. ಅಂದರೆ ಪಶ್ಚಿಮ ಕರಾವಳಿಯಿಂದ ಹಿಂದಿರುಗಿದ ತಂಡದ ನಿದ್ದೆ ಸರಿಯಾಗಲು ಒಂದು ವಾರ ದಾಟುತ್ತದೆ. ಪ್ರವಾಸಕ್ಕೊಂದೇ ಕರಾವಳಿ ಹಿಡಿಯಿರಿ. ಪಂದ್ಯದಿಂದ ಪಂದ್ಯಕ್ಕೆ 72 ಗಂಟೆ ಬಿಡಿ. ಕೊನೆಯ ಪಂದ್ಯಕ್ಕೂ ಲೀಗ್‌ನ ಮೊದಲ ಪಂದ್ಯಕ್ಕೂ ನಡುವೆ ಹತ್ತು ದಿನ ಇರಲಿ.

ಆಟಗಾರರನ್ನು ಬದಲಿಸುವುದೇ ತಾಲೀಮಿನ ಜೀವಾಳ, ಕಪ್‌ನ ಮಾನ ಕಳೆಯುವುದೂ ಅದೇ. ಮೊದಲ ಪಂದ್ಯಕ್ಕೆ 45 ನಿಮಿಷ, ಮುಂದಿನದಕ್ಕೆ 60, ಆಮೇಲೆ 75, ಕಡೆಗೆ 90: ಬಹುಪಾಲು ಕೋಚ್‌ಗಳು ಮೈ ಏರಿಸುವುದು ಇದೇ ಮೆಟ್ಟಿಲಲ್ಲಿ. ಇಂಥ ಪಂದ್ಯಗಳಲ್ಲಿ ಎರಡೂ ತಂಡ ಒಪ್ಪಿ, ಆಟಕ್ಕೆ ಮುಂಚೆ ರೆಫರಿಗೆ ತಿಳಿಸಿದರೆ ಎಷ್ಟು ಬದಲಿಗಳನ್ನಾದರೂ ಇಳಿಸಲು ನಿಯಮದಲ್ಲಿ ಜಾಗವಿದೆ. ಯಡವಟ್ಟಾಗುವುದು ಸಂಖ್ಯೆಯಿಂದಲ್ಲ, ಹೊತ್ತಿನಿಂದ. 46ಕ್ಕೆ ಇಬ್ಬರು, 55ಕ್ಕೆ ಮೂವರು, 62ಕ್ಕೆ ನಾಲ್ವರು, 70ಕ್ಕೆ ಒಬ್ಬ ಎಂದು ಹನಿಹನಿಯಾಗಿ ಇಳಿಸಿದರೆ ಒಳಗಿರುವವರಿಗೆ ಕಾರ್ನರ್‌ನಲ್ಲಿ ಯಾರು ಯಾರನ್ನು ಹಿಡಿಯಬೇಕೆಂದು ಗೊತ್ತಿರುವುದಿಲ್ಲ. ಬೇಸಿಗೆ ಪಂದ್ಯಗಳ ಕೊನೆಯ ಅರ್ಧ ಗಂಟೆಯ ಗೋಲುಗಳಲ್ಲಿ ಎಷ್ಟೋ ಹೀಗೆ ಬಿದ್ದವು. ವಿರಾಮಕ್ಕೊಮ್ಮೆ, 60ಕ್ಕೊಮ್ಮೆ, 75ಕ್ಕೊಮ್ಮೆ, ಮೂರೇ ಬಾಗಿಲು ಇಡಿ. ಪ್ರತಿ ಬಾಗಿಲಲ್ಲೂ ಒಳಗೆ ಬರುವವನ ಕೈಗೆ ಕಾರ್ನರ್‌ನ ಚೀಟಿ ಕೊಟ್ಟು ಕಳಿಸಿ. ಇನ್ನೊಂದು ಎಚ್ಚರಿಕೆ: ಹೊರಗೆ ಹೋದವನು ಹಿರಿಯರ ವೃತ್ತಿಪರ ಆಟದಲ್ಲಿ ಮತ್ತೆ ಒಳಗೆ ಬರುವಂತಿಲ್ಲ. ವಿರಾಮಕ್ಕೇ ಹನ್ನೊಂದೂ ಜನರನ್ನು ಬದಲಿಸಿ ಬೆಂಚು ಖಾಲಿ ಮಾಡಿಕೊಂಡರೆ, ಮುಂದೆ ಒಬ್ಬ ಕುಂಟಿದರೂ ಅವನನ್ನು ಕುಂಟಿಸಿಕೊಂಡೇ ಆಡಿಸಬೇಕು, ಇಲ್ಲವೇ ಹತ್ತು ಜನ. ಇಬ್ಬರನ್ನು ಕೊನೆಯವರೆಗೂ ಉಳಿಸಿಕೊಳ್ಳಿ; ಅದರಲ್ಲೊಬ್ಬ ಗೋಲ್‌ಕೀಪರ್ ಆಗಿರಲಿ.

ಈಗ ನಿಮ್ಮ ಅಂಕಪಟ್ಟಿಗಳ ಸಮಾಚಾರ. ಲಂಡನ್ನಿನಲ್ಲಿ 2007ರಲ್ಲಿ ಶುರುವಾದ ಎಮಿರೇಟ್ಸ್ ಕಪ್‌ನಲ್ಲಿ ಗೆಲುವಿಗೆ 3, ಡ್ರಾಗೆ 1, ಜೊತೆಗೆ ಹೊಡೆದ ಪ್ರತಿ ಗೋಲಿಗೂ 1 ಅಂಕ ಕೊಡುತ್ತಿದ್ದರು. ಗೋಲು ಹೆಚ್ಚಲಿ ಎಂಬುದು ಉದ್ದೇಶ, ಕೇಳಲು ಚೆನ್ನಾಗಿದೆ. 2017ರಲ್ಲಿ ಏನಾಯಿತು ನೋಡಿ. ಸೆವಿಯ್ಯಾ ಲೈಪ್‌ಜಿಗ್‌ಅನ್ನು 1-0, ಆರ್ಸೆನಲ್‌ಅನ್ನು 2-1ರಿಂದ ಸೋಲಿಸಿತು. ಎರಡು ಗೆಲುವಿನ 6, ಮೂರು ಗೋಲಿನ 3, ಒಟ್ಟು 9. ಆರ್ಸೆನಲ್ ಬೆನ್ಫಿಕಾವನ್ನು 5-2ರಿಂದ ಗೆದ್ದು ಸೆವಿಯ್ಯಾಗೆ ಸೋತಿತ್ತು. ಒಂದು ಗೆಲುವಿನ 3, ಆರು ಗೋಲಿನ 6, ಒಟ್ಟು ಅದೂ 9. ಗೋಲು ಹೆಚ್ಚೆಂದು ಬಟ್ಟಲು ಆರ್ಸೆನಲ್ ಕೈ ಸೇರಿತು. ಎರಡೂ ಪಂದ್ಯ ಗೆದ್ದವರು, ಅದರಲ್ಲೂ ಬಟ್ಟಲು ಎತ್ತಿದವರನ್ನೇ ಸೋಲಿಸಿದವರು, ಬರಿಗೈಯಲ್ಲಿ ಊರಿಗೆ ಹೋದರು. ನಮಗೆ ನಗು ಬಂತು. ಸೆವಿಯ್ಯಾದವರಿಗೂ ಬಂದಿರಬೇಕು, ಏಕೆಂದರೆ ಅವರು ದೂರು ಕೊಟ್ಟದ್ದು ನಮ್ಮ ಕಿವಿಗೆ ಬೀಳಲಿಲ್ಲ. ಕಪ್ ನಿಜವಾಗಿ ಕಪ್ ಆಗಿದ್ದರೆ ಗಲಾಟೆಯಾಗುತ್ತಿತ್ತು.

ಇಂಟರ್‌ನ್ಯಾಷನಲ್ ಚಾಂಪಿಯನ್ಸ್ ಕಪ್ ಇನ್ನೂ ಒಂದು ಹೆಜ್ಜೆ ಮುಂದೆ. 2018ರಲ್ಲಿ 18 ತಂಡ, ಒಂದೇ ಪಟ್ಟಿ, ತಲಾ ಮೂರು ಪಂದ್ಯ. ಹದಿನೇಳು ಎದುರಾಳಿಗಳಲ್ಲಿ ಮೂವರನ್ನು ಮಾತ್ರ ಎದುರಿಸಿ ಸಿಕ್ಕ ಅಂಕವನ್ನು ಬೇರೆ ಮೂವರನ್ನು ಎದುರಿಸಿದವರ ಅಂಕದ ಜೊತೆ ಹೋಲಿಸುವುದು ಯಾವ ನ್ಯಾಯ?

ಇದಕ್ಕಿಂತ ಒಳ್ಳೆಯ ಮಾದರಿಗಳು ನಿಮ್ಮ ಹಿತ್ತಲಲ್ಲೇ ಬಿದ್ದಿವೆ. ಇಟಲಿಯ ಟ್ರೊಫಿಯೊ ಟಿಮ್‌ನಲ್ಲಿ ಇಂಟರ್, ಮಿಲಾನ್, ಯುವೆಂಟಸ್ ಒಂದೇ ರಾತ್ರಿ 45 ನಿಮಿಷಗಳ ಮೂರು ಪಂದ್ಯ ಆಡುತ್ತಿದ್ದವು. ಪ್ರತಿ ತಂಡಕ್ಕೂ ಒಟ್ಟು 90 ನಿಮಿಷ. ಕೋಚ್ ಮೊದಲ ಪಂದ್ಯಕ್ಕೊಂದು ಹನ್ನೊಂದು, ಎರಡನೆಯದಕ್ಕೆ ಇನ್ನೊಂದು ಇಳಿಸಬಹುದು; ನಡುವೆ ಗಿಜಿಗಿಜಿ ಬದಲಾವಣೆ ಬೇಕಿಲ್ಲ, ನೋಡುವವನಿಗೆ ಒಂದು ಟಿಕೆಟ್‌ಗೆ ಮೂರು ತಂಡ. ತಾಲೀಮಿಗೆ ಇಷ್ಟು ಹೊಂದುವ ರೂಪ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಮ್ಯೂನಿಕ್‌ನ ಆಡಿ ಕಪ್ 2009ರಿಂದ 2019ರವರೆಗೆ ಎರಡು ವರ್ಷಕ್ಕೊಮ್ಮೆ ನಾಲ್ಕೇ ತಂಡ, ಎರಡೇ ದಿನ, ಸಮವಾದರೆ ನೇರ ಪೆನಾಲ್ಟಿ ಎಂದು ಅಚ್ಚುಕಟ್ಟಾಗಿ ನಡೆಯಿತು.

ಪೆನಾಲ್ಟಿ ಎಂದಾಗ ನೆನಪಾಯಿತು. ಈಗ ವಿಶ್ವಕಪ್ ಫೈನಲ್‌ಗಳನ್ನೇ ತೀರ್ಮಾನಿಸುವ, ಸರದಿಯಲ್ಲಿ ಪೆನಾಲ್ಟಿ ಹೊಡೆಯುವ ಶೂಟೌಟ್‌ನ ಆರಂಭದ ಹೆಜ್ಜೆಗಳಲ್ಲಿ ಕೆಲವು ಇಂಥ ಬೇಸಿಗೆ ಟೂರ್ನಿಗಳಲ್ಲಿ ಮೂಡಿದ್ದು. ಸ್ಪೇನ್‌ನ ಕಾದಿಸ್ ಊರಿನ ರಾಮೋನ್ ದೆ ಕರಾಂಥಾ ಟ್ರೋಫಿಯಲ್ಲಿ 1962ರಲ್ಲಿ ಅದನ್ನು ಪ್ರಯೋಗಿಸಿದರು. ಇಂಗ್ಲೆಂಡಿನ ವೃತ್ತಿಪರ ಆಟದಲ್ಲಿ ಮೊದಲ ಶೂಟೌಟ್ ನಡೆದದ್ದು 1970ರ ಆಗಸ್ಟ್ 5ರಂದು, ವಾಟ್ನಿ ಕಪ್ ಎಂಬ ಋತುಪೂರ್ವ ಟೂರ್ನಿಯಲ್ಲಿ, ಹಲ್ ಸಿಟಿ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ನಡುವೆ. ಮೊದಲು ಹೊಡೆದವರು ಜಾರ್ಜ್ ಬೆಸ್ಟ್, ಮೊದಲು ತಪ್ಪಿದವರು ಡೆನಿಸ್ ಲಾ. ಫಲಿತಾಂಶಕ್ಕೆ ತೂಕವಿಲ್ಲದ ಕಡೆ ಪ್ರಯೋಗ ಮಾಡುವುದು ಜಾಣತನ. ಗೋಲಿಗೊಂದು ಅಂಕ ಕೊಡುವ ಬದಲು ಅಂಥದ್ದೇನಾದರೂ ಮಾಡಿ: ಗಡಿಯಾರ ನಿಲ್ಲಿಸಿ 60 ನಿಮಿಷ ಚೆಂಡು ಚಲಿಸುವ ಆಟ ಆಡಿಸಿ, ಥ್ರೋ-ಇನ್‌ಗೆ ಹೊತ್ತು ಕಟ್ಟಿ, ಅದರ ಅಂಕಿಅಂಶ ಪ್ರಕಟಿಸಿ.

ಹಳೆಯ ಸ್ಪೇನ್ ಟೂರ್ನಿಗಳಲ್ಲಿ ಇನ್ನೊಂದು ಗುಣವಿತ್ತು, ಅವು ಊರಿನವು. ಲಾ ಕೊರುನ್ಯಾದಲ್ಲಿ 1946ರಿಂದ ನಡೆಯುತ್ತಿರುವ ತೆರೆಸಾ ಎರೆರಾ ಟ್ರೋಫಿಗೆ 18ನೇ ಶತಮಾನದಲ್ಲಿ ಬಡವರಿಗಾಗಿ ಆಸ್ಪತ್ರೆ ಕಟ್ಟಿಸಲು ಮನೆಮಾರು ಕೊಟ್ಟ ಹೆಂಗಸಿನ ಹೆಸರು. ಕಾದಿಸ್‌ನಲ್ಲಿ ಫೈನಲ್ ರಾತ್ರಿ ಊರಿಗೆ ಊರೇ ಕಡಲತೀರದಲ್ಲಿ ಒಲೆ ಹೂಡಿ ಅಡುಗೆ ಮಾಡುತ್ತಿತ್ತು. ನಮ್ಮ ಜಾತ್ರೆಯ ಹಾಗೆ: ರಥ ಎಷ್ಟು ದೂರ ಎಳೆದರು ಎಂದು ಯಾರೂ ಕೇಳುವುದಿಲ್ಲ, ಎಳೆದರೆ ಆಯಿತು.

ಕೊನೆಯದಾಗಿ ಟಿಕೆಟ್. 2014ರ ಆಗಸ್ಟ್ 2ರಂದು ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್-ರಿಯಲ್ ಮ್ಯಾಡ್ರಿಡ್ ಪಂದ್ಯಕ್ಕೆ 1,09,318 ಜನ ಬಂದರು, ಅಮೆರಿಕದ ಫುಟ್‌ಬಾಲ್ ಚರಿತ್ರೆಯಲ್ಲೇ ದಾಖಲೆ. ಜನಕ್ಕೆ ಆಸೆಯಿಲ್ಲ ಎಂದು ಯಾರೂ ಹೇಳಲಾರರು. ಆ ಆಸೆಯನ್ನು ಹೇಗೆ ಮಾರುತ್ತೀರಿ ಎಂಬುದು ಪ್ರಶ್ನೆ. 2019ರ ಜುಲೈ 26ರಂದು ಸೋಲ್‌ನಲ್ಲಿ ಕೊರಿಯಾ ಲೀಗ್‌ನ ಆಯ್ದ ತಂಡದ ಎದುರು ಯುವೆಂಟಸ್ ಆಡಿತು. ಕ್ರಿಸ್ಟಿಯಾನೊ ರೊನಾಲ್ಡೊ ಕನಿಷ್ಠ 45 ನಿಮಿಷ ಆಡುತ್ತಾರೆ ಎಂದು ಜಾಹೀರಾತು. ತಂಡ ತಡವಾಗಿ ಬಂತು, ಆಟ ಹತ್ತಿರ ಹತ್ತಿರ ಒಂದು ಗಂಟೆ ತಡವಾಗಿ ಶುರುವಾಯಿತು, ರೊನಾಲ್ಡೊ ಬೆಂಚಿನಿಂದ ಏಳಲೇ ಇಲ್ಲ. ಇಬ್ಬರು ಪ್ರೇಕ್ಷಕರು ಕೋರ್ಟಿಗೆ ಹೋದರು. 2020ರ ಫೆಬ್ರವರಿಯಲ್ಲಿ ಇಂಚನ್‌ನ ನ್ಯಾಯಾಲಯ ತಲಾ 3,71,000 ವಾನ್ ಕೊಡಿ ಎಂದು ಆಯೋಜಕರಿಗೆ ಹೇಳಿತು. ಅದರಲ್ಲಿ 70,000 ಟಿಕೆಟ್ ಬೆಲೆ, 1,000 ಬುಕಿಂಗ್ ಶುಲ್ಕ, ಉಳಿದ 3,00,000 ಮನಸ್ಸಿಗಾದ ನೋವಿಗೆ. ಟಿಕೆಟ್ ಬೆಲೆಯ ನಾಲ್ಕು ಪಟ್ಟಿಗಿಂತ ಹೆಚ್ಚು! 2024ರ ಫೆಬ್ರವರಿ 4ರಂದು ಹಾಂಗ್‌ಕಾಂಗ್‌ನಲ್ಲಿ ಮೆಸ್ಸಿ ಆಡದೆ ಕೂತಾಗಲೂ (ತಂಡ ಅಮೆರಿಕದ್ದು, ಕಥೆ ಅದೇ) ಆಯೋಜಕರು ಅರ್ಧ ದುಡ್ಡು ವಾಪಸ್ ಕೊಡುವುದಾಗಿ ಒಪ್ಪಬೇಕಾಯಿತು.

ಆಟಗಾರನಿಗೆ ಸ್ನಾಯು ಹಿಡಿದರೆ ಅವನು ಆಡಬಾರದು, ಅದರಲ್ಲಿ ಎರಡು ಮಾತಿಲ್ಲ. ತಾಲೀಮಿನಲ್ಲಿ ಒಬ್ಬ ಆಡುತ್ತಾನೋ ಇಲ್ಲವೋ ಎಂದು ಆ ದಿನ ಬೆಳಗ್ಗೆ ವೈದ್ಯರು ಹೇಳಬೇಕು. ಮೂರು ತಿಂಗಳು ಮೊದಲು ಅಚ್ಚಾದ ಪೋಸ್ಟರ್ ಹೇಳಲಾಗದು. ಹಾಗಾದರೆ ಪೋಸ್ಟರ್‌ನಲ್ಲಿ ಮುಖ ಹಾಕಬೇಡಿ, ಲಾಂಛನ ಸಾಕು. ಮುಖ ಹಾಕಲೇಬೇಕೆಂದಿದ್ದರೆ ಟಿಕೆಟ್ ಹಿಂಭಾಗದ ಸಣ್ಣಕ್ಷರವನ್ನು ಮುಂಭಾಗಕ್ಕೆ ತನ್ನಿ: ‘ಈ ಆಟಗಾರ ಆಡದಿದ್ದರೆ ಬೆಲೆಯ ಇಷ್ಟು ಭಾಗ ವಾಪಸ್’. ಎಷ್ಟು ಎಂದು ನೀವೇ ತೀರ್ಮಾನಿಸಿ, ಕೋರ್ಟಿಗೆ ಬಿಡಬೇಡಿ.

ನಾವು ಕೇಳುವುದು ಒಂದು ಹಾಳೆ. ಪ್ರತಿ ಪಂದ್ಯಕ್ಕೆ 48 ಗಂಟೆ ಮುಂಚೆ, ಎರಡೂ ಕ್ಲಬ್‌ಗಳ ವೈದ್ಯರು ಮತ್ತು ಅಂಗಳದ ಉಸ್ತುವಾರಿಯವರ ಸಹಿ ಹಾಕಿಸಿ ಪ್ರಕಟಿಸಿ. ಹುಲ್ಲು ಬೇರೂರಿದ್ದೋ ಹಾಸಿದ್ದೋ, ಹಾಸಿದ್ದಾದರೆ ಯಾವ ದಿನ, ಎಷ್ಟು ದಪ್ಪ. ಗಡಸುತನದ ಅಳತೆ ಅಂಗಳದ ಒಂಬತ್ತು ಕಡೆ. ಅಂಗಳದ ಉದ್ದಗಲ. ಕಿಕ್‌ಆಫ್ ಹೊತ್ತಿಗೆ ನಿರೀಕ್ಷಿಸುವ ಸೆಕೆ ಸೂಚ್ಯಂಕ. ಬಂದಿಳಿದ ಆಟಗಾರರ ಪಟ್ಟಿ, ಅವರಲ್ಲಿ ಯಾರು ಆಡುವ ಸ್ಥಿತಿಯಲ್ಲಿಲ್ಲ. ಎಷ್ಟು ಬದಲಿ, ಯಾವ್ಯಾವ ನಿಮಿಷಕ್ಕೆ. ನಿಂತರೆ ಎಷ್ಟು ಹೊತ್ತು ಕಾಯುತ್ತೀರಿ, ರದ್ದಾದರೆ ಎಷ್ಟು ವಾಪಸ್. ಇದರಲ್ಲಿ ಒಂದೂ ನಿಮಗೆ ಗೊತ್ತಿಲ್ಲದ್ದಲ್ಲ. ವಿಮೆ ಕಂಪನಿಯವರು ಕೇಳಿದಾಗ ಇಷ್ಟನ್ನೂ ಕೊಡುತ್ತೀರಿ.

ಮುಂದಿನ ಜುಲೈನ ಮೊದಲ ಪಂದ್ಯಕ್ಕೆ ಆ ಹಾಳೆ ಬಂದರೆ ಓದಿಕೊಂಡು ಟಿಕೆಟ್ ಕೊಳ್ಳುತ್ತೇವೆ, ಅಲಾರಂ ಇಡುತ್ತೇವೆ.

ಇಂತಿ,
ದೂರದೂರಿನಲ್ಲಿ ಟಿಕೆಟ್ ಕೊಳ್ಳುವ, ಇಲ್ಲಿ ಬೆಳಗಿನ 5ಕ್ಕೆ ಏಳುವ
ಕನ್ನಡದ ಫುಟ್‌ಬಾಲ್ ನೋಡುಗರು